ಐದನೆಯ ಉಗುರು

ಬೋಳಾರದ ಈ ಎರಡು ಕೋಣೆಯ ಮನೆಯಲ್ಲಿ
ಹರಿತವಾದದ್ದು ಎರಡೇ:
ನನ್ನ ಹತ್ತಿಂಚಿನ ಕತ್ತರಿ,
ಮತ್ತೆ ಬೂತಾಯಿಯ ಉಗುರು.

ಬೂತಾಯಿ ಅಂದರೆ ಮೀನಲ್ಲ, ಬೆಕ್ಕು.
ಮೀನಿನ ಬುಟ್ಟಿಯ ಹಿಂದೆಯೇ ಮೆಟ್ಟಿಲು ಹತ್ತಿ ಬಂದವಳು.
ಬುಟ್ಟಿ ಇಳಿದು ಹೋಯಿತು, ಇವಳು ಉಳಿದಳು.

ಝುಲೈಖಾಳ ಮದುವೆಯ ದುಪಟ್ಟಾ ಮಂಗಳವಾರ ಕೊಡಬೇಕು.
ಸೋಮವಾರ ಮಧ್ಯಾಹ್ನ ಅದರ ಮೇಲೆ ಇವಳ ನಿದ್ದೆ.
ಎಬ್ಬಿಸಿದೆ. ಎದ್ದಳು.
ಜೊತೆಗೆ ಜರಿಯ ಒಂದು ಎಳೆಯೂ ಎದ್ದು
ಅಡುಗೆಮನೆಯ ತನಕ ಹೋಯಿತು.

ರಾತ್ರಿ ಹನ್ನೊಂದರವರೆಗೆ ಕೂತು
ಎಳೆಯನ್ನು ಸೂಜಿಯಲ್ಲಿ ಹಿಂದಕ್ಕೆ ಕರೆದೆ.
ತೀರ್ಮಾನ ಆಗಲೇ ಆದದ್ದು.
ರಾತ್ರಿ ಉಗುರು ತೆಗೆಯಬಾರದಂತೆ, ಮಂಗಳವಾರವೂ ಬೇಡವಂತೆ,
ಶುಕ್ರವಾರ ಕೇಳಲೇ ಬೇಡಿ;
ಇದು ಕೆಳಮನೆಯ ಕಲ್ಯಾಣಿಯಕ್ಕನ ಪಂಚಾಂಗ.
ಹಾಗಾಗಿ ಬುಧವಾರ, ಹಗಲು, ಕಿಟಕಿಯ ಹತ್ತಿರ.

ಟವೆಲಿನಲ್ಲಿ ಸುತ್ತಿದೆ,
ಪತ್ರೊಡೆ ಸುತ್ತಿದ ಹಾಗೆ, ಬಿಗಿಯಾಗಿ.
ಪತ್ರೊಡೆಗೆ ಹಲ್ಲಿಲ್ಲ.
ಹಿಡಿಯಲು ಬಂದ ಅಕ್ಕನ ಮಗ ಸುಕೇಶ
ಡೆಟ್ಟಾಲ್ ಹಚ್ಚಿಕೊಂಡು ಹೋದ.
"ಇದಕ್ಕಿಂತ ಗಂಟೆ ಕಟ್ಟುವುದೇ ಸುಲಭ ಮಾರಾಯ್ತಿ" ಅಂದ.

ಇಪ್ಪತ್ತಾರು ವರ್ಷದಿಂದ ಬಟ್ಟೆಯ ಜೊತೆ ಇದ್ದೇನೆ.
ಜಾರುವ ಸ್ಯಾಟಿನ್ನು ಒತ್ತಿ ಹಿಡಿದಷ್ಟೂ ಜಾರುತ್ತದೆ.
ಮೇಜಿನ ಮೇಲೆ ಬಿಟ್ಟು, ಫ್ಯಾನು ನಿಲ್ಲಿಸಿ,
ತನ್ನಷ್ಟಕ್ಕೆ ಅದು ಮಲಗುವ ತನಕ ಕಾಯಬೇಕು.
ಇಷ್ಟು ಗೊತ್ತಿದ್ದೂ ಟವೆಲು ಯಾಕೆ ತಂದೆ?

ಮರುದಿನದಿಂದ ಕತ್ತರಿ ಇಲ್ಲ, ಟವೆಲೂ ಇಲ್ಲ.
ಉಂಡು, ಮೀಸೆ ಒರೆಸಿ, ಕಣ್ಣು ಅರೆಮುಚ್ಚಿದ ಹೊತ್ತಿಗೆ
ಬರೀ ಪಾದ ಮುಟ್ಟುವುದು.
ಎಳೆದುಕೊಂಡಳೋ, ಬಿಟ್ಟೆ.
ಒಂಬತ್ತನೆಯ ದಿನ ನನ್ನ ಅಂಗೈಯಲ್ಲಿ ಪಾದ ಉಳಿಯಿತು,
ಒಂದು ಗುಂಡಿ ಹೊಲಿಯುವಷ್ಟು ಹೊತ್ತು.

ಮೆತ್ತೆಯನ್ನು ಹೆಬ್ಬೆರಳಿನಲ್ಲಿ ಮೆಲ್ಲ ಒತ್ತಿದರೆ
ಉಗುರು ಹೊರಗೆ ಬರುತ್ತದೆ,
ಒರೆಯಿಂದ ಅಲ್ಲ, ಮೊಗ್ಗಿನಿಂದ ಬಂದ ಹಾಗೆ.
ಬೆಳಕಿಗೆ ಹಿಡಿದೆ:
ತುದಿ ಗಾಜು, ಬುಡದಲ್ಲಿ ನಸುಗೆಂಪು ಗೆರೆ.
ಅಲ್ಲಿವರೆಗೆ ನೆತ್ತರು, ಅಲ್ಲಿವರೆಗೆ ಬೂತಾಯಿ.
ಆಚೆಗಿನದ್ದು ಚಿಂದಿ, ಅಷ್ಟು ಮಾತ್ರ ನನ್ನದು.
ಹೊಲಿಗೆಗೆ ಅಂಚು ಬಿಡುವ ಹಾಗೆ
ಗೆರೆಗೂ ಕಟರಿಗೂ ನಡುವೆ ಜಾಗ ಬಿಟ್ಟು
ಟಿಕ್.

ದಿನಕ್ಕೆ ಒಂದು, ಹೆಚ್ಚೆಂದರೆ ಎರಡು.
ಬಾಲ ನೆಲಕ್ಕೆ ಬಡಿದರೆ ಅಂಗಡಿ ಬಂದ್.
ಮುಗಿದ ಮೇಲೆ ಉಪ್ಪು ಹಾಕದೆ ಬೇಯಿಸಿದ ಸಿಗಡಿ, ಒಂದೇ ಚೂರು.
ಪಕ್ಕದಲ್ಲಿ ಕಾರ್ನ್‌ಫ್ಲೋರ್ ಒಂದು ಚಿಟಿಕೆ,
ಕೈತಪ್ಪಿ ಗೆರೆಗೆ ತಾಗಿದರೆ ಒತ್ತಲಿಕ್ಕೆ.
ಒಮ್ಮೆ ಬೇಕಾಯಿತು.
ಅದರ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

ಎಡ ಮುಂಗಾಲನ್ನು ಮಾತ್ರ ಕೊಡಲೇ ಇಲ್ಲ.
ಹಠ ಅಂದುಕೊಂಡೆ ನಾನು.
ಸೊಕ್ಕು ಅಂದಳು ಕಲ್ಯಾಣಿಯಕ್ಕ.

ಒಂದು ಬೆಳಿಗ್ಗೆ ಹೊಟ್ಟೆ ಮೇಲೆ ಮಾಡಿ ಮಲಗಿದ್ದಳು,
ಕಾಲು ತಾನಾಗಿ ಬಿಚ್ಚಿಕೊಂಡಿತ್ತು.
ಒಳಬದಿಯಲ್ಲಿ, ಸ್ವಲ್ಪ ಮೇಲೆ, ಆ ಐದನೆಯದು!
ನೆಲ ಮುಟ್ಟದ್ದು, ಎಲ್ಲೂ ಸವೆಯದ್ದು,
ಬ್ಲೌಸಿನ ಹುಕ್ಕಿನ ಹಾಗೆ ಬಳುಕಿ, ಸುತ್ತಿ ಬಂದು
ತನ್ನದೇ ಮೆತ್ತೆಯ ಮೇಲೆ ಮೊನೆ ಊರಿತ್ತು.
ಅಲ್ಲೊಂದು ಸಣ್ಣ ಗುಳಿ.
ಇನ್ನೂ ಒಳಗೆ ಇಳಿದಿರಲಿಲ್ಲ.
ಇಳಿದಿದ್ದರೆ ಅದು ನನ್ನ ಕೈಯ ಕೆಲಸವಲ್ಲ, ಡಾಕ್ಟರದು.

ಒಮ್ಮೆ ಮೆಶಿನಿನ ಸೂಜಿ ಮುರಿದು
ನನ್ನ ತೋರುಬೆರಳಲ್ಲಿ ಉಳಿದಿತ್ತು, ಹನ್ನೊಂದು ದಿನ.
ಯಾರಿಗೂ ಹೇಳಿರಲಿಲ್ಲ.
ಕೈ ತೋರಿಸು ಅಂದವರಿಗೆಲ್ಲ ಬೈದಿದ್ದೆ.

ಕಣ್ಣು ಬಿಟ್ಟಳು. ಕಟರ್ ನೋಡಿದಳು. ನನ್ನನ್ನು ನೋಡಿದಳು.
ಟಿಕ್.
ಕಾಲನ್ನು ಎಳೆದುಕೊಳ್ಳಲಿಲ್ಲ,
ಆ ಗುಳಿಯನ್ನು ತುಂಬಾ ಹೊತ್ತು ನೆಕ್ಕಿದಳು.

ಸಿಡಿದ ಚೂರು ಆವತ್ತು ಸಿಕ್ಕಿರಲಿಲ್ಲ.
ಇವತ್ತು ಗುಂಡುಸೂಜಿಯ ಡಬ್ಬಿಯಲ್ಲಿ ಬೆರಳಿಗೆ ತಾಗಿತು;
ಕನ್ನಡಕ ಇಲ್ಲದಿದ್ದರೆ ಹುಕ್ಕೆಂದು
ಯಾರದೋ ಬ್ಲೌಸಿಗೆ ಹೊಲಿದೇ ಬಿಡುತ್ತಿದ್ದೆ.

ಬೂತಾಯಿ ಸ್ಯಾಟಿನ್ನಿನ ಮೇಲೆ ಮಲಗಿದ್ದಾಳೆ.
ಫ್ಯಾನು ನಿಲ್ಲಿಸಿದ್ದೇನೆ.