ಬರಲಿ, ಬರಲಿ

ಶುಕ್ರವಾರ ಕತ್ತಲಾಗುವುದರೊಳಗೆ ಇಪ್ಪತ್ತಮೂರು ಮನೆಗಳು
ಹ್ಯಾಂಪ್ಡನ್ ಮೈದಾನಕ್ಕೆ ಉರುಳಿ ಬಂದವು.
ಕಾರ್ಯದರ್ಶಿ ನಾನು, ರೇವಿನ್.
ಗೇಟಿನ ಬಳಿ ಮಡಚು ಕುರ್ಚಿ ಹಾಕಿ ಕೂತು
ನಂಬರು ಬರೆದುಕೊಂಡೆ.
ತಲೆಗೆ ಎಂಟು ಡಾಲರು, ನಾಯಿಗಳಿಗೆ ಪುಕ್ಕಟೆ.

ಎಲ್ಲರಿಗಿಂತ ಕೊನೆಗೆ ಡರ್ನಿಂಗರ ಹಳೇ ಬೆಡ್‌ಫೋರ್ಡು,
ಹಸಿರು ಪಟ್ಟೆ, ಕಿಟಕಿಯಲ್ಲಿ ಪುದೀನದ ಡಬ್ಬಿ.
ಅಲಿಸ್ಟರ್ ಓಡಿಸುತ್ತಿದ್ದ. ಪಕ್ಕದಲ್ಲಿ ನೊಯೆಲೀನ್,
ಬಾಯಿಗೆ ಬಿಡುವಿಲ್ಲದೆ.
"ಅವಳಿಗೂ ಒಂದು ಸ್ಟೇರಿಂಗು ಹಾಕಿಸಪ್ಪ" ಅಂದ ಮರ್ವ್.
ನಕ್ಕವರಲ್ಲಿ ನಾನೂ ಇದ್ದೆ.

ಶನಿವಾರ ಇಳಿತದ ಹೊತ್ತು ನೋಡಿಕೊಂಡು
ಮೊರಾಕಿಯ ಗುಂಡುಗಳ ಬಳಿ ಹೋದೆವು.
ಒಡೆದ ದೋಣಿಯಿಂದ ಚೆಲ್ಲಿಹೋದ
ಬುಟ್ಟಿ, ಬುರುಡೆ, ಗೆಣಸು ಇವೆಲ್ಲ,
ಎಂದಳು ಹೀನಿ, ತನ್ನ ಅಜ್ಜಿ ಹೇಳಿದ್ದನ್ನು.
ಬಿರಿದ ಒಂದರೊಳಗೆ ಮೊಳಕೈವರೆಗೂ ಕೈಹಾಕಿ
ಅಲಿಸ್ಟರ್ ಬಹಳ ಹೊತ್ತು ನಿಂತ.
"ಪಾಚಿ. ಈಗ ನೀರು. ಒಂದು ಮೆಟ್ಟಿಲು" ಎನ್ನುತ್ತಲೇ ಇದ್ದಳು ಅವಳು.
ಎಂಥ ಕಾಟ, ಅಂದುಕೊಂಡೆ.

ಸಂಜೆ ದೀಪಸ್ತಂಭದ ಕೆಳಗೆ ನಲವತ್ತು ಮಂದಿ
ಒಂದು ಪೆಂಗ್ವಿನ್ನಿಗಾಗಿ ಚಳಿಯಲ್ಲಿ ಕಾದೆವು.
ಬಂತು.
ನಮ್ಮನ್ನು ನೋಡಿ ವಾಪಸು ಹೋಯಿತು.
"ಎಲ್ಲಿ?" ಅಂದ ಅವನು.
"ಈಗಷ್ಟೇ ಮುಳುಗಿತು, ನಿನ್ನದೇ ನಡಿಗೆ ಅದರದ್ದು" ಅಂದಳು.

ಭಾನುವಾರ ಆಟ. ಅಲಗು ಬಿಚ್ಚಿದ ಹುಲ್ಲುಕೊಯ್ಯುವ ಗಾಡಿ,
ಹತ್ತು ಕಿತ್ತಳೆ ಶಂಕುಗಳು,
ಕೊನೆಯದರ ತಲೆಯ ಮೇಲೆ ಹಸಿ ಮೊಟ್ಟೆ.
ಓಡಿಸುವವರ ಕಣ್ಣಿಗೆ ಟವೆಲು. ಹೋಗುವುದು ಹಿಮ್ಮುಖ ಮಾತ್ರ.
ಜೊತೆಗಾರರು ದೂರ ನಿಂತು ದಾರಿ ಹೇಳಬೇಕು.

ಮರ್ವ್ ಮೂರು ಶಂಕು, ಒಂದು ಬೇಲಿ ಗುದ್ದಿದ;
ಹೆಂಡತಿ ಹೇಳಿದ ಎಡ ಅವಳ ಎಡವಂತೆ.
ಕ್ಲಟರ್‌ಬಕ್ ದಂಪತಿ ಐದನೇ ಶಂಕಿನ ಹೊತ್ತಿಗೆ
ವಕೀಲರ ಫೀಸು ವಿಚಾರಿಸತೊಡಗಿದ್ದರು.

ನೊಯೆಲೀನ್ ಕೂಗಲೇ ಇಲ್ಲ.
ಪಕ್ಕದ ಸೀಟಿನ ಅದೇ ದನಿಯಲ್ಲಿ:
ಬರಲಿ, ಬರಲಿ.
ಬಲಕ್ಕೆ ಒಂದು ಕೂದಲು. ಸಾಕು.
ಬರಲಿ. ಉಸಿರು ಬಿಡು. ಬರಲಿ,
ಬರಲಿ, ಬರಲಿ,
ಹೋಲ್ಡಾನ್.

ಗಾಡಿಗೂ ಮೊಟ್ಟೆಗೂ ನಡುವೆ
ಒಂದು ಬಿಸ್ಕತ್ತು ತೂರುವಷ್ಟು ಜಾಗ.

ಚಪ್ಪಾಳೆ ಹೊಡೆದೆವು. ಟವೆಲು ಬಿಚ್ಚಿಕೊಂಡು
ಅಲಿಸ್ಟರ್ ನಮ್ಮತ್ತ ತಿರುಗಿ ನಕ್ಕ.
ನಮ್ಮತ್ತ ಅಲ್ಲ,
ತುಸು ಪಕ್ಕಕ್ಕೆ, ಯಾರೂ ಇಲ್ಲದ ಬೇಲಿಗೆ.
ಚಪ್ಪಾಳೆ ಒಂದೊಂದೇ ಅಂಗೈ ಕಳಕೊಂಡು ನಿಂತಿತು.

ಗೋರ್‌ನಿಂದ ಇಲ್ಲಿಗೆ ಇನ್ನೂರ ಇಪ್ಪತ್ತು ಕಿಲೋಮೀಟರು.
ಕಿಲ್ಮಾಗ್ ಗುಡ್ಡದ ತಿರುವು, ಎದುರಿಗೆ ಮರದ ಲಾರಿಗಳು,
ರಸ್ತೆ ಅಂಚಿನಲ್ಲಿ ಯಾರದೋ ಸೈಕಲ್ಲಿನ ಮಕ್ಕಳು.
ನನಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳುವುದಿಲ್ಲ.

ರಾತ್ರಿ ಪೈ ತಟ್ಟೆ ವಾಪಸು ಕೊಡಲು ಬಂದಳು.
ನಾನು ಬೈಯಲು ಬಾಯಿ ತೆರೆದೆ.
"ಗೊತ್ತು" ಅಂದಳು. "ಇದೊಂದು ಸಲ, ಇದೊಂದು ಸಲ ಅಂತ
ಎರಡು ವರ್ಷ ಆಯಿತು.
ಮುಂದಿನ ಪಟ್ಟಿಯಲ್ಲಿ ನಮ್ಮ ಹೆಸರು ಬೇಡ."
ತಟ್ಟೆ ತೊಳೆದಿದ್ದಳು, ಆದರೂ ಮತ್ತೆ ಒರೆಸಿದಳು.

ಸೋಮವಾರ ಬೀಗದ ಕೈ ಅವಳ ಬೆರಳಲ್ಲಿ.
ಅಷ್ಟು ದೊಡ್ಡ ಬಂಡಿಯನ್ನು ಹಿಂದೆಂದೂ ಮುಟ್ಟಿದವಳಲ್ಲ.
ಗೇರು ಕಿರುಚಿತು, ಪುದೀನ ಉರುಳಿತು.
ಅಲಿಸ್ಟರ್ ಹಿಂದೆ ಹೋಗಿ ನಿಂತ,
ಬೇಕಾದ ಜಾಗಕ್ಕಿಂತ ಎರಡು ಗಜ ಆಚೆ.
ಮರ್ವ್ ಸದ್ದಿಲ್ಲದೆ ಅವನ ಭುಜ ಹಿಡಿದು ಸರಿಸಿದ,
ಅಲ್ಲೇ ನಿಂತ.

ಅಲಿಸ್ಟರ್ ಕೈ ಎತ್ತಿದ.
ಇಂಜಿನ್ನಿನ ಸದ್ದಿಗೆ ಕಿವಿ ವಾಲಿಸಿ
ಬರಲಿ, ಅಂದ.
ಬರಲಿ.

ನನ್ನ ಪುಸ್ತಕದಲ್ಲಿ ಇಷ್ಟೇ ಇದೆ:
ಹಿಮ್ಮುಖ ಚಾಲನೆ, ಪ್ರಥಮ, ಡರ್ನಿಂಗ್.
ಬಹುಮಾನದ ಕುರಿಮಾಂಸ ಒಯ್ಯಲು ಮರೆತಿದ್ದಾರೆ.
ನನ್ನ ಫ್ರಿಜ್ಜಿನಲ್ಲಿದೆ.