ಅರವತ್ತೆರಡು ಬಟ್ಟಲು

ಬಲಗೈ ಕಿರುಬೆರಳು ಇನ್ನೂ ಮಡಚುವುದಿಲ್ಲ.
ಹರಿಹರದವರ ಮೇಲಿನ ಸೆಮಿಫೈನಲ್ಲಿನಂದು
ಬ್ಯಾಟಿನಂಚು ಸವರಿ ಬಂದ ಚೆಂಡು ಬಡಿದು
ಗ್ಲೌಸಿನೊಳಗೇ ಊದಿಕೊಂಡಿತ್ತು.
ಬಿಡಲಿಲ್ಲ ನಾನು. ಬಿಟ್ಟಿದ್ದರೆ
ಈ ಭಾನುವಾರದ ತಕರಾರೇ ಇರುತ್ತಿರಲಿಲ್ಲ.

ಫೈನಲ್ಲು ಒಂಬತ್ತೂವರೆಗೆ, ಹೈಸ್ಕೂಲ್ ಮೈದಾನದಲ್ಲಿ.
ಆರಾಧನೆಯೂ ಒಂಬತ್ತೂವರೆಗೆ.
ತಿಂಗಳ ಮೊದಲ ವಾರ, ಕರ್ತನ ಭೋಜನ;
ಬಟ್ಟಲಿನ ತಟ್ಟೆ ಹಿಡಿಯುವ ಪಾಳಿ ನನ್ನದು.

ನಜೀರ ಶನಿವಾರ ರಾತ್ರಿ ಮಂಡಕ್ಕಿ ಭಟ್ಟಿಯ ಮುಂದೆ
ಗಾಡಿಯಿಂದ ಇಳಿಯದೇ ಕೇಳಿದ:
"ಶುಕ್ರವಾರ ನನ್ನ ನಮಾಜಿಗೆ ಅಂತ
ನೀನೇ ಜಗಳ ಮಾಡಿ ಮ್ಯಾಚ್ ತಡ ಮಾಡ್ಸಿದಿ.
ನಿನ್ನ ಭಾನುವಾರಕ್ಕೆ ನಾನೇನ್ ಮಾಡ್ಲೋ ಜೀವರತ್ನ?
ಊರಿಗೆಲ್ಲ ಅದು ರಜ."
ಹೌದು. ಊರಿಗೆಲ್ಲ ರಜ,
ನನಗೊಬ್ಬನಿಗೆ ಸಬ್ಬತ್ತು.
ಭಟ್ಟಿಯ ಹೊಗೆಗೆ ಇಬ್ಬರ ಕಣ್ಣೂ ಉರಿದವು.

ಮನೆಯಲ್ಲಿ ಪ್ರೀತಿಲತ ಏನೂ ಅನ್ನಲಿಲ್ಲ.
ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಒಂದು ಮೊಳೆಗೆ,
ಒಗೆದು ಒಣಗಿಸಿದ ತಂಡದ ಜೆರ್ಸಿ ಪಕ್ಕದ ಮೊಳೆಗೆ
ನೇತುಹಾಕಿ, ಮಲಗಿಬಿಟ್ಟಳು.

ಸತ್ಯ ಹೇಳುತ್ತೇನೆ: ಬಿಳಿ ಅಂಗಿ ತೊಟ್ಟದ್ದು ಭಕ್ತಿಗಲ್ಲ.
ಹೋದ ವರ್ಷ ಹೀಗೇ ಒಂದು ಭಾನುವಾರ
ಜ್ವರ ಅಂತ ಹೇಳಿಕಳಿಸಿ ಎಪ್ಪತ್ತೊಂದು ಹೊಡೆದಿದ್ದೆ.
ಸಂಜೆ ಅಯ್ಯನವರು ಒಂದು ಬ್ರೆಡ್ಡು, ಎರಡು ಮೂಸಂಬಿ ಹಿಡಿದು
ನೋಡಲು ಬಂದರು.
ಆ ಮೂಸಂಬಿ ಇನ್ನೂ ಗಂಟಲಲ್ಲಿದೆ.

ಚರ್ಚಿನ ಗೋಡೆಯ ಹಲಗೆಯಲ್ಲಿ ಕೀರ್ತನೆಗಳ ಅಂಕಿ:
೮೪, ೬, ೧೧೨.
ಎಂಬತ್ನಾಲ್ಕಕ್ಕೆ ಆರು ವಿಕೆಟ್,
ಬೇಕಾದದ್ದು ನೂರಾ ಹನ್ನೆರಡು, ಎಂದು ಓದಿತು ಮನಸ್ಸು.
ಅಯ್ಯನವರು ಪೌಲನ ಓಟದ ಮಾತೆತ್ತಿದರು,
ಬಾಡುವ ಕಿರೀಟ, ಬಾಡದ ಕಿರೀಟ.
ನನ್ನ ಕಿವಿ ಕಿಟಕಿಯಾಚೆ.
ಗಾಳಿ ಆ ಕಡೆಯಿಂದ ಬೀಸಿದಾಗೊಮ್ಮೆ ಮೈಕು,
ಹೆಸರು ಕೇಳದು, ಬರೀ ಹೋ ಅನ್ನುವ ಸದ್ದು.
ವಿಕೆಟ್ ಹಿಂದೆ ನನ್ನ ಜಾಗದಲ್ಲಿ ಯಾರು?
ಟೈರ್ ಅಂಗಡಿಯ ಬಸಣ್ಣಿಯೇ?
ಅವನು ಲೆಗ್ ಸೈಡಿಗೆ ಕುರುಡ.

ತಟ್ಟೆ ಹಿಡಿದು ಸಾಲು ದಾಟಿದೆ.
ಮೂರನೇ ಬೆಂಚಿನಲ್ಲಿ ಎಸ್ತೇರಮ್ಮ,
ಎಂಬತ್ತು ದಾಟಿದವಳು, ನಡುಗುವ ಕೈ.
ಬಟ್ಟಲು ಜಾರಿತು.
ಯೋಚಿಸಲಿಲ್ಲ. ಮೊಣಕಾಲು ತಾನೇ ಮಡಚಿತು,
ಎಡಗೈಯಲ್ಲಿ ತಟ್ಟೆ, ಬಲಗೈ ನೆಲದಿಂದ ಗೇಣು ಮೇಲೆ,
ಸಿಕ್ಕಿತು.
ಅರ್ಧ ರಸ ಅಂಗಿಯ ತೋಳಿಗೆ, ಅರ್ಧ ಬಟ್ಟಲಲ್ಲೇ.
ಹಿಂದಿನಿಂದ ಒಂದು ಎಳೆಯ ದನಿ: "ಔಟ್!"
ತಾಯಿ ಬಾಯಿ ಮುಚ್ಚಿಸಿದಳು.

ಎಸ್ತೇರಮ್ಮ ಆ ಅರ್ಧವನ್ನೇ ಕುಡಿದಳು,
ಬಟ್ಟಲಿನ ಜೊತೆ ನನ್ನ ಕೈಯನ್ನೂ ಹಿಡಿದುಕೊಂಡು.
ಕಿರುಬೆರಳು ಜೀವ ಹೋಗುವಂತೆ ನೋಯಿತು. ಎಳೆದುಕೊಳ್ಳಲಿಲ್ಲ.
"ಊದೈತಲ್ಲೋ, ಉಪ್ಪುನೀರಾಗೆ ಇಡು," ಅಂದಳು ಮೆಲ್ಲಗೆ.
ಆಮೇಲೆ, ಕಣ್ಣು ಮುಚ್ಚುವ ಮುಂಚೆ:
"ಎಷ್ಟಾಗೈತಂತೆ ಸ್ಕೋರು?"

ಪ್ರಾರ್ಥನೆಗೆ ತಲೆಬಾಗಿದೆ.
ಕರ್ತನೇ ಅನ್ನಬೇಕು; ಬಂದದ್ದು ಆ ಕ್ಯಾಚು.
ನಿಧಾನವಾಗಿ, ಮತ್ತೆ ಮತ್ತೆ, ಮೂರು ದಿಕ್ಕಿನಿಂದ.
ಗೇಣಷ್ಟಿದ್ದದ್ದು ಎರಡನೇ ಸಲಕ್ಕೆ ನಾಲ್ಕು ಬೆರಳಾಯಿತು,
ಮೂರನೆಯದಕ್ಕೆ ಹುಲ್ಲು ತಾಕಿತು.
ಮೈದಾನ ಬಿಟ್ಟು ಬಂದೆ ಅಂದುಕೊಂಡಿದ್ದೆ,
ಅದು ನನ್ನ ಹಿಂದೆಯೇ ಬಂದು, ಬಾಗಿಲಲ್ಲಿ ಚಪ್ಪಲಿ ಕಳಚಿ,
ಪಕ್ಕದಲ್ಲೇ ಕೂತಿತ್ತು.
ಎಬ್ಬಿಸಿ ಓಡಿಸಲೋ, ಅದಕ್ಕೂ ಒಂದು
ಕೀರ್ತನೆ ಪುಸ್ತಕ ಕೊಡಲೋ, ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಹಿತ್ತಲ ನಲ್ಲಿಯಡಿ
ಬಟ್ಟಲು ತೊಳೆಯುತ್ತಿದ್ದೇನೆ. ಅರವತ್ತೆರಡು.
ಹೆಬ್ಬೆರಳಷ್ಟೇ ಇವು; ಸಡಿಲ ಬಿಟ್ಟರೆ ಜಾರುತ್ತವೆ,
ಬಿಗಿ ಹಿಡಿದರೆ ಸೀಳುತ್ತವೆ.
ಜೇಬಲ್ಲಿ ಫೋನು ಮೂರು ಸಲ ಗುಂಯ್‌ಗುಟ್ಟಿತು.
ಮೈದಾನದ ಕಡೆಯಿಂದ ಪಟಾಕಿ,
ನಮ್ಮವರದೋ, ಜಗಳೂರಿನವರದೋ.
ಕೈ ಒದ್ದೆ.
ನಲವತ್ತೊಂದಾಯಿತು.
ಇನ್ನು ಇಪ್ಪತ್ತೊಂದು.