ಲೇಬಲ್ಲು

ಕೌಲ್ ಬಜಾರಿನ ದಸ್ತಗಿರಿ ಅಂಗಡಿಯಲ್ಲಿ
ಬಳ್ಳಾರಿ ಬಿಸಿಲಿಗೂ ಬೆವರದೆ
ಚೀಲದ ಮೇಲೆ ನಗುವ ವಿಲಾಯಿತಿ ನಾಯಿ.
ಚೀಲ ತಿರುವಿ ಹಾಕಿದೆ.

ದಿನಕ್ಕೆ ಇನ್ನೂರು ಜೀನ್ಸಿಗೆ
ಕಾಣದ ಊರುಗಳ ಹೆಸರು ಹೊಲಿಯುವವಳು;
ಲೇಬಲ್ಲಿನ ಮಾತು ಎಷ್ಟು ನಿಜವೆಂದು
ನನಗೆ ಹೇಳಬೇಕೆ?

ಬೆನ್ನಿಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಮೊದಲು ಮೆಕ್ಕೆಜೋಳ, ಆಮೇಲೆ ತೌಡು, ಬಣ್ಣ,
ಕೋಳಿ ಎಲ್ಲೋ ಕೊನೆಗೆ, ಕರೆಯದ ನೆಂಟನ ಹಾಗೆ.

"ಇದು ಸಸ್ತಾ, ಅಕ್ಕ. ಅದು ಭಾಳ ತುಟ್ಟಿ ಐತಿ."

ಮೂಲೆಯಲ್ಲೊಂದಿತ್ತು, ಚಿತ್ರವಿಲ್ಲದ ಬೂದು ಚೀಲ.
ಕೋಳಿಯೇ ಮೊದಲು. ಕಿಲೋಗೆ ನೂರಾ ಎಂಬತ್ತು.
ಬಿಡಿಯಾಗಿ ಒಂದು ಹಿಡಿ ತೆಗೆಸಿ ಮೂಸಿದೆ.
ಹೊಲಿಗೆ ಜಗ್ಗಿ ನೋಡುವಂತೆ
ಒಂದು ಕಾಳು ಮುರಿದೆ.

ಮನೆಯಲ್ಲಿ ನಮ್ಮ ಗುಂಡಿ (ಕಣ್ಣು ನೋಡಿ ಇಟ್ಟ ಹೆಸರು)
ತಟ್ಟೆಯನ್ನು ಗೋಡೆವರೆಗೂ ನೂಕಿ ನೆಕ್ಕಿತು.
ಆಮೇಲೆ ನನ್ನ ರೊಟ್ಟಿಯನ್ನೇ ನೋಡುತ್ತ ಕೂತಿತು,
ಏನೂ ತಿಂದೇ ಇಲ್ಲವೆಂಬಂತೆ.